ವಿಜ್ಞಾನಕ್ಕೆ ಅಳಿಲ ಸೇವೆ: ಮನೆಯ ಗಣಕಯಂತ್ರ ಹೇಗಿರಬೇಕು?

ಸೇತುವೆ ಕಟ್ಟುವಲ್ಲಿ ಅಳಿಲು ತನ್ನ ಮೈಗೆ ಅಂಟಿಸಿಕೊಂಡು ಬಂದ ಮರಳನ್ನು ಕೊಡವಿ ಹೋಯಿತೆಂಬ ಕತೆಯನ್ನು ಕೇಳದ ಮಕ್ಕಳಿಲ್ಲ. ಕಪಿಗಳು ಬೆಟ್ಟಗಳನ್ನೇ ಹೊತ್ತು ತರುತ್ತಿರುವಾಗ ಅಳಿಲಿನ ಚಿಟಿಕೆ ಮರಳಿನಿಂದ ಏನಾದೀತು ಎಂದು ಯಾರಾದರೂ ಕೇಳಬಹುದು. ಆದರೆ ಲಕ್ಷಗಟ್ಟಲೆ ಅಳಿಲುಗಳು ಒಟ್ಟುಗೂಡಿದರೆ? ಮನೆಮನೆಯ ಗಣಕಯಂತ್ರಗಳು ತಮ್ಮ ಬಿಡುವಿನ ಶಕ್ತಿಯನ್ನು ವಿಜ್ಞಾನಿಗಳಿಗೆ ದಾನವಾಗಿ ಕೊಡುವ ಒಂದು ಕಾರ್ಯವು ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ನಡೆದು ಬಂದಿದೆ. ಅಳಿಲ ಸೇವೆಯ ಬೆಲೆಯೇನೆಂಬುದನ್ನು ಅದು ತೋರಿಸಿಕೊಟ್ಟಿದೆ.

ಇದರ ಕ್ರಮ ಸರಳವಾದುದು. ಒಂದು ದೊಡ್ಡ ಲೆಕ್ಕವನ್ನು ಸಂಶೋಧಕರು ಅಸಂಖ್ಯ ತುಂಡುಗಳಾಗಿ ಮಾಡುತ್ತಾರೆ. ನಮ್ಮ ಯಂತ್ರದಲ್ಲಿ ಹಾಕಿಕೊಂಡ ತಂತ್ರಾಂಶವು ಇಂಟರ್‌ನೆಟ್ಟಿನ ಮೂಲಕ ಒಂದು ತುಂಡನ್ನು ತರಿಸಿಕೊಂಡು, ಲೆಕ್ಕ ಮಾಡಿ, ಉತ್ತರವನ್ನು ಹಿಂದಕ್ಕೆ ಕಳುಹಿಸುತ್ತದೆ. ಅನೇಕ ಯೋಜನೆಗಳಲ್ಲಿ ಅದೇ ತುಂಡನ್ನು ಇನ್ನೊಬ್ಬರ ಯಂತ್ರಕ್ಕೂ ಕೊಟ್ಟು ಎರಡು ಉತ್ತರಗಳನ್ನು ತಾಳೆ ನೋಡುವುದುಂಟು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು 1999ರ ಮೇ ತಿಂಗಳಲ್ಲಿ ‘ಸೆಟಿ ಅಟ್ ಹೋಮ್’ ಎಂಬ ಯೋಜನೆಯನ್ನು ಆರಂಭಿಸಿ, ಅನ್ಯಲೋಕದ ಜೀವಿಗಳ ಸಂಕೇತವೇನಾದರೂ ಆಕಾಶದಿಂದ ಬರುತ್ತಿದೆಯೇ ಎಂದು ಹುಡುಕುವ ಕೆಲಸವನ್ನು ಜನಸಾಮಾನ್ಯರಿಗೆ ಹಂಚಿದರು. 2020ರ ಮಾರ್ಚಿನಲ್ಲಿ ಆ ಹಂಚಿಕೆ ನಿಂತಿತು. ಆದರೆ ಅಲ್ಲಿಯೇ ಹುಟ್ಟಿದ ‘ಬೋಯಿಂಕ್’ ಎಂಬ ತಂತ್ರಾಂಶವನ್ನು ಬಳಸಿ ಇತರ ಅನೇಕ ಯೋಜನೆಗಳು ನಡೆಯುತ್ತಿವೆ.

ಇದರಿಂದ ಫಲ ದೊರೆತಿದೆಯೇ ಎಂದು ಹೆತ್ತವರು ಕೇಳುವುದು ನ್ಯಾಯವೇ. 2010ರಲ್ಲಿ ‘ಐನ್‌ಸ್ಟೈನ್ ಅಟ್ ಹೋಮ್’ ಯೋಜನೆಯ ಮೂಲಕ ಅಮೆರಿಕದ ಒಂದು ದಂಪತಿಯ ಮತ್ತು ಜರ್ಮನಿಯ ಒಬ್ಬರ ಯಂತ್ರಗಳು ಅದುವರೆಗೆ ಯಾರೂ ಕಾಣದಿದ್ದ ಒಂದು ಪಲ್ಸಾರ್ ನಕ್ಷತ್ರವನ್ನು ಪತ್ತೆಹಚ್ಚಿದವು. 2020ರ ಮಾರ್ಚಿನಲ್ಲಿ, ಕೊರೋನಾ ವೈರಾಣುವಿನ ಅಧ್ಯಯನಕ್ಕಾಗಿ ಜನರು ‘ಫೋಲ್ಡಿಂಗ್ ಅಟ್ ಹೋಮ್’ ಯೋಜನೆಗೆ ತಂಡೋಪತಂಡವಾಗಿ ಸೇರಿದಾಗ, ಅವರ ಯಂತ್ರಗಳ ಒಟ್ಟು ವೇಗ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಗಳಷ್ಟು ಲೆಕ್ಕಗಳನ್ನು ಮೀರಿತು. ಅಂದು ಯಾವ ದೇಶದ ಮಹಾಗಣಕಕ್ಕೂ ಅಷ್ಟು ವೇಗವಿರಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. 2018ರ ಡಿಸೆಂಬರಿನಲ್ಲಿ, ಅಲ್ಲಿಯವರೆಗೆ ತಿಳಿದವುಗಳಲ್ಲೆಲ್ಲ ಅತಿ ದೊಡ್ಡದಾದ ಅವಿಭಾಜ್ಯ ಸಂಖ್ಯೆ ಸಿಕ್ಕಿತು. ಅದರಲ್ಲಿ 2,48,62,048 ಅಂಕೆಗಳಿದ್ದವು. ಅದನ್ನು ಕಂಡುಹಿಡಿದದ್ದು ಫ್ಲಾರಿಡಾದ ಒಬ್ಬ ಗೃಹಸ್ಥರ ಮನೆಯ ಯಂತ್ರ. ಅದರೊಳಗಿದ್ದುದು ಕೇವಲ 35 ವ್ಯಾಟಿನ ಒಂದು ಇಂಟೆಲ್ ಪ್ರೊಸೆಸರ್. ಹನ್ನೆರಡು ದಿನ ಬಿಡದೆ ಲೆಕ್ಕ ಮಾಡಿ ಅದು ಸಂಖ್ಯೆಯನ್ನು ಖಚಿತಪಡಿಸಿತು. ಇದರಲ್ಲಿ ಅದೃಷ್ಟದ ಪಾಲೂ ಉಂಟು, ನಿಜ. ಆದರೆ ದೊಡ್ಡ ಕೆಲಸಕ್ಕೆ ದೊಡ್ಡ ಯಂತ್ರವೇ ಬೇಕೆಂಬುದು ಸುಳ್ಳೆಂದು ಇದರಿಂದ ಸಿದ್ಧವಾಗುತ್ತದೆ.

ಇಷ್ಟನ್ನು ಕೇಳಿದ ಕೂಡಲೇ ‘ಅಪ್ಪಾ, ನಮಗೂ ಒಂದು ದೊಡ್ಡ ಕಂಪ್ಯೂಟರ್ ತೆಗೆದುಕೊಡಿ’ ಎಂದು ಹಠ ಹಿಡಿಯುವ ವಿದ್ಯಾರ್ಥಿಗಳೂ ಇದ್ದಾರೆ. ಅಂಗಡಿಗೆ ಹೋದರೆ ಗಾಜಿನ ಪೆಟ್ಟಿಗೆ, ಬಣ್ಣಬಣ್ಣದ ದೀಪ, ಕಂತಿನ ಸೌಲಭ್ಯ, ಎಲ್ಲವೂ ಕಣ್ಣು ಕುಕ್ಕುತ್ತವೆ. ಇಲ್ಲಿಯೇ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಇಂಥ ಸೇವೆಗಾಗಿ ಯಂತ್ರವನ್ನು ಆರಿಸುವಾಗ ಅಂಗಡಿಯ ಬೆಲೆಗಿಂತ ಮೊದಲು ಮನೆಯ ಮೀಟರನ್ನು ನೋಡಬೇಕು. ಅಡಿಕೆ ತೋಟಕ್ಕೆ ಪಂಪು ತರುವ ಕೃಷಿಕರು ಪಂಪಿನ ಬಣ್ಣ ಕೇಳುವುದಿಲ್ಲ, ಒಂದು ಯೂನಿಟ್ ಕರೆಂಟಿಗೆ ಎಷ್ಟು ನೀರು ಎತ್ತುತ್ತದೆ ಎಂದು ಕೇಳುತ್ತಾರೆ. ನಾವೂ ಒಂದು ಯೂನಿಟ್ಟಿಗೆ ಎಷ್ಟು ಲೆಕ್ಕ ಎಂದೇ ಕೇಳತಕ್ಕದ್ದು.

‘ಯಂತ್ರ ಹೇಗೂ ಸುಮ್ಮನೆ ಇರುತ್ತದೆ, ಆ ಬಿಡುವಿನ ಶಕ್ತಿಯನ್ನು ಕೊಟ್ಟರೆ ನಷ್ಟವೇನು?’ ಎಂಬ ಮಾತು 1999ರಲ್ಲಿ ಬಹುಮಟ್ಟಿಗೆ ಸರಿಯಾಗಿತ್ತು. ಅಂದಿನ ಯಂತ್ರಗಳಲ್ಲಿ ಸುಮ್ಮನಿದ್ದಾಗಿನ ಖರ್ಚಿಗೂ ದುಡಿಯುವಾಗಿನ ಖರ್ಚಿಗೂ ಇಂದಿನಷ್ಟು ಅಂತರವಿರಲಿಲ್ಲ. ಇಂದಿನ ಪ್ರೊಸೆಸರುಗಳು ಕೆಲಸವಿಲ್ಲದಾಗ ನಿದ್ದೆಮಾಡಿದಂತೆ ಇರುತ್ತವೆ. ಎಬ್ಬಿಸಿ ದುಡಿಸಿದರೆ ಕರೆಂಟನ್ನು ಚೆನ್ನಾಗಿಯೇ ಕುಡಿಯುತ್ತವೆ. ಆದುದರಿಂದ ಈ ದಾನವು ಪುಕ್ಕಟೆಯದಲ್ಲ. ಮನೆಯ ಯಜಮಾನರು ತಿಳಿದು ಒಪ್ಪಿ ಕೊಡಬೇಕಾದ ದಾನ.

ಹಾಗಾದರೆ ಆಯ್ಕೆ ಹೇಗಿರಬೇಕು? ಮೊದಲನೆಯದಾಗಿ ಪ್ರೊಸೆಸರ್. ಆರು ‘ಕೋರ್’ಗಳುಳ್ಳ, 65 ವ್ಯಾಟಿನ ದರ್ಜೆಯ ಪ್ರೊಸೆಸರ್ ಸಾಮಾನ್ಯ ಮನೆಗೆ ಧಾರಾಳ ಸಾಕು. ಚಿತ್ರಗಳನ್ನು ಪರದೆಗೆ ಕಳಿಸುವ ಶಕ್ತಿ ಅದರೊಳಗೇ ಇದ್ದರೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಕಾಗುವುದಿಲ್ಲ. ಎ.ಎಂ.ಡಿ. ಕಂಪೆನಿಯ ‘ರೈಜನ್ 5 5600ಜಿ’ ಅಂಥದ್ದು. ಇಂಟೆಲ್ ಕಂಪೆನಿಯ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಗೆ ‘ಎಫ್’ ಎಂಬ ಅಕ್ಷರವಿದ್ದರೆ ಈ ಶಕ್ತಿ ಇಲ್ಲವೆಂದು ತಿಳಿಯಬೇಕು. ಬೆಲೆ ಕಡಿಮೆಯೆಂದು ಅದನ್ನು ತಂದವರು ಕಾರ್ಡಿಗಾಗಿ ಪುನಃ ಅಂಗಡಿಗೆ ಹೋಗಬೇಕಾಗುತ್ತದೆ. ಇನ್ನೊಂದು ಗುಟ್ಟೂ ಇದೆ. ಪ್ರೊಸೆಸರಿನ ವೇಗವನ್ನು ಸ್ವಲ್ಪ ತಗ್ಗಿಸಿದರೆ ಅದಕ್ಕೆ ಬೇಕಾದ ವೋಲ್ಟೇಜೂ ತಗ್ಗುತ್ತದೆ. ವೇಗ ಕಡಿಮೆಯಾದ ಪ್ರಮಾಣಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕರೆಂಟಿನ ಖರ್ಚು ಇಳಿಯುತ್ತದೆ. ಮೇಲೆ ಹೇಳಿದ ಪ್ರೊಸೆಸರನ್ನು 45 ವ್ಯಾಟಿನ ಮಿತಿಗೆ ಇಳಿಸಿ ನಡೆಸಲು ಅವಕಾಶವಿದೆ. ಓಡುವವನಿಗಿಂತ ನಡೆಯುವವನೇ ದೂರದ ಊರನ್ನು ಸುಖವಾಗಿ ಸೇರುತ್ತಾನಷ್ಟೆ.

ಎರಡನೆಯದು ಮೆಮೊರಿ. ಹನ್ನೆರಡು ತುಂಡು ಲೆಕ್ಕಗಳು ಒಟ್ಟಿಗೆ ನಡೆಯುತ್ತಿದ್ದು, ಒಂದೊಂದಕ್ಕೆ ಒಂದು ಜಿ.ಬಿ. ಬೇಕಾದರೆ ಅದಕ್ಕೇ 12 ಜಿ.ಬಿ. ಆಯಿತು. ಆದುದರಿಂದ 16 ಜಿ.ಬಿ. ಇರುವುದು ಒಳ್ಳೆಯದು. ಅದನ್ನೂ 16ರ ಒಂದೇ ಪಟ್ಟಿಯಾಗಿ ತರದೆ 8ರ ಎರಡು ಪಟ್ಟಿಗಳಾಗಿ ತಂದರೆ, ಒಂದು ಬಾಗಿಲಿನ ಬದಲು ಎರಡು ಬಾಗಿಲುಗಳಿಂದ ಸಾಮಾನು ಸಾಗಿಸಿದಂತೆ ಕೆಲಸ ಚುರುಕಾಗುತ್ತದೆ. ಅಷ್ಟು ಹಣವಿಲ್ಲದವರು 8 ಜಿ.ಬಿ.ಯಲ್ಲಿಯೇ ಒಟ್ಟಿಗೆ ನಡೆಯುವ ಲೆಕ್ಕಗಳ ಸಂಖ್ಯೆಯನ್ನು ಕಡಿಮೆಮಾಡಿ ನಡೆಸಬಹುದು. ಸಂಗ್ರಹಕ್ಕೆ 256 ಜಿ.ಬಿ.ಯ ಎಸ್.ಎಸ್.ಡಿ. ಸಾಕು. ಈ ಕೆಲಸಕ್ಕೆ ಅದಕ್ಕಿಂತ ದೊಡ್ಡದರಿಂದ ವಿಶೇಷ ಲಾಭವಿಲ್ಲ.

ಮೂರನೆಯದಾಗಿ, ಅಂಗಡಿಯಲ್ಲಿ ಯಾರೂ ಕೇಳದ, ಆದರೆ ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಸ್ತು ಎಸ್.ಎಂ.ಪಿ.ಎಸ್. ಗೋಡೆಯ ಕರೆಂಟನ್ನು ಯಂತ್ರಕ್ಕೆ ತಕ್ಕಂತೆ ಬದಲಿಸಿಕೊಡುವ ಪೆಟ್ಟಿಗೆ ಇದು. ಒಳಗಿನ ಭಾಗಗಳಿಗೆ 100 ವ್ಯಾಟ್ ಬೇಕೆಂದು ಇಟ್ಟುಕೊಳ್ಳೋಣ. ಶೇಕಡಾ 70ರಷ್ಟು ದಕ್ಷತೆಯ ಅಗ್ಗದ ಪೆಟ್ಟಿಗೆಯಾದರೆ ಗೋಡೆಯಿಂದ ಸುಮಾರು 143 ವ್ಯಾಟ್ ಎಳೆಯುತ್ತದೆ. ಶೇಕಡಾ 85ರದ್ದಾದರೆ ಸುಮಾರು 118 ಮಾತ್ರ. ಉಳಿದ 25 ವ್ಯಾಟ್ ಬರಿಯ ಬಿಸಿಯಾಗಿ ಹೋಗುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕಹಾಕಿದರೆ ವರ್ಷಕ್ಕೆ 73 ಯೂನಿಟ್ ಪೋಲು! ಪೆಟ್ಟಿಗೆಯ ಮೇಲೆ ‘80 ಪ್ಲಸ್ ಬ್ರಾಂಜ್’ ಎಂಬ ಗುರುತನ್ನು ನೋಡಿ ತರಬೇಕು. ಗಾಜಿನ ಪೆಟ್ಟಿಗೆಗೂ ದೀಪಗಳಿಗೂ ಕೊಡುವ ಹಣವನ್ನು ಇಲ್ಲಿ ಹಾಕಿದರೆ ಅದು ಮರಳಿ ಬರುತ್ತದೆ.

ಮದರ್‌ಬೋರ್ಡು ಸಾದಾ ಆದರೂ ಸಾಕು. ಆದರೆ ಪ್ರೊಸೆಸರಿನ ಪಕ್ಕದ ವಿದ್ಯುತ್ ಭಾಗಗಳ ಮೇಲೆ ಲೋಹದ ಹೊದಿಕೆಯಿರುವುದನ್ನು ಆರಿಸಿದರೆ ಗಂಟೆಗಟ್ಟಲೆ ದುಡಿದರೂ ಬಿಸಿಗೆ ಬೇಗ ಕೆಡುವುದಿಲ್ಲ. ಹೊರಪೆಟ್ಟಿಗೆ ಗಾಳಿ ಚೆನ್ನಾಗಿ ಆಡುವಂಥದಿರಲಿ. ಗ್ರಾಫಿಕ್ಸ್ ಕಾರ್ಡು ಕೆಲವು ಯೋಜನೆಗಳಲ್ಲಿ ಪ್ರೊಸೆಸರಿಗಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡುವುದು ದಿಟ. ಆದರೂ ಅದರ ಬೆಲೆ ಮತ್ತು ಕರೆಂಟು ಎರಡೂ ಭಾರವಾದ್ದರಿಂದ ಮೊದಲ ಖರೀದಿಯಲ್ಲಿ ಅದು ಬೇಡವೆಂದೇ ನಮ್ಮ ಸಲಹೆ. ಹಳೆಯ ಕಚೇರಿ ಯಂತ್ರಗಳು ಅಗ್ಗವಾಗಿ ಸಿಗುತ್ತವೆ. ಕೆಲವೊಮ್ಮೆ ಅವು ಒಳ್ಳೆಯವೂ ಹೌದು. ಆದರೆ ಹಳೆಯ ಯಂತ್ರ ಒಂದು ಯೂನಿಟ್ಟಿಗೆ ಮಾಡುವ ಕೆಲಸ ಕಡಿಮೆಯೆಂಬುದನ್ನು ಮರೆಯಬಾರದು. ನಮ್ಮ ರಾಜ್ಯದ ಶಾಲೆಗಳಲ್ಲಿ ಬಳಸುವಂಥ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶವನ್ನೇ ಹಾಕಿಕೊಂಡರೆ ಆ ಬಾಬ್ತಿಗೆ ಹಣವೇ ಬೇಡ. ಬೋಯಿಂಕ್ ಅದರಲ್ಲಿ ಚೆನ್ನಾಗಿ ನಡೆಯುತ್ತದೆ.

ಇನ್ನು ಕರೆಂಟಿನ ಲೆಕ್ಕ. 100 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ನಡೆದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ 144. ಕೇರಳದ ದರಪಟ್ಟಿಯಂತೆ ಮನೆಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಮೊದಲಿನ ಯೂನಿಟ್ಟುಗಳಿಗೂ ಸೇರಿಸಿ ಒಂದೇ ಹೆಚ್ಚಿನ ದರ ಬೀಳುತ್ತದೆ. ಗಡಿಯ ಹತ್ತಿರವಿರುವ ಮನೆಗೆ ಈ 72 ಯೂನಿಟ್ ದೊಡ್ಡ ಹೊರೆಯಾದೀತು. ಆದರೆ ಮಗು ಯಂತ್ರದ ಮುಂದೆ ಕುಳಿತು ಓದುವ ನಾಲ್ಕು ಗಂಟೆಗಳಲ್ಲಿ ಮಾತ್ರ ಈ ಸೇವೆ ನಡೆಯಲಿ. ಸುಮ್ಮನಿದ್ದಾಗ 30 ವ್ಯಾಟ್, ದುಡಿಯುವಾಗ 100 ಎಂದಾದರೆ ಹೆಚ್ಚಾಗುವುದು 70 ಮಾತ್ರ. ತಿಂಗಳಿಗೆ ಎಂಟೂವರೆ ಯೂನಿಟ್ಟಿನೊಳಗೇ ಮುಗಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಇದೇ. ಮಾಡಿನ ಮೇಲೆ ಸೌರಫಲಕವಿರುವವರು ಹಗಲಿನಲ್ಲಿ ಇನ್ನೂ ಸ್ವಲ್ಪ ಉದಾರವಾಗಿರಬಹುದು.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬೇಕೆಂಬುದು ನಮ್ಮ ಆಸೆ. ಮನೆಯ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುವುದನ್ನು ನೋಡಿದ್ದೀರಿ. ಒಂದು ಯೂನಿಟ್ಟಿಗೆ ಎಷ್ಟು ಸಲ ಮಿನುಗುತ್ತದೆಂದು ಅದರ ಮುಖದ ಮೇಲೆಯೇ ಬರೆದಿರುತ್ತದೆ. 3200 ಎಂದಿದ್ದರೆ, 100 ವ್ಯಾಟಿನ ಯಂತ್ರಕ್ಕೆ ಹತ್ತು ನಿಮಿಷದಲ್ಲಿ ಸುಮಾರು 53 ಸಲ ಮಿನುಗಬೇಕು. ಹಿರಿಯರ ಅನುಮತಿ ಪಡೆದು ಬೇರೆಲ್ಲ ಸ್ವಿಚ್ಚುಗಳನ್ನು ಆರಿಸಿ, ಯಂತ್ರ ಸುಮ್ಮನಿದ್ದಾಗ ಒಮ್ಮೆ, ದುಡಿಯುವಾಗ ಒಮ್ಮೆ ಎಣಿಸಿರಿ. ಭೌತಶಾಸ್ತ್ರದ ಒಂದು ಪಾಠ ಮನೆಯ ಜಗಲಿಯಲ್ಲೇ ಆಗಿಹೋಗುತ್ತದೆ.

ಕೆಲವು ಎಚ್ಚರಿಕೆಗಳೂ ಅಗತ್ಯ. ಈ ಸೇವೆಯಲ್ಲಿ ಹಣ ಬರುವುದಿಲ್ಲ. ಹಣ ಬರುತ್ತದೆಂದು ಯಾರಾದರೂ ಆಸೆ ತೋರಿಸಿದರೆ ದೂರವಿರಿ. ತಂತ್ರಾಂಶವನ್ನು ಯೋಜನೆಯವರಿಂದಲೇ ನೇರವಾಗಿ ಪಡೆಯಬೇಕು. ನಮ್ಮದಲ್ಲದ ಯಂತ್ರದಲ್ಲಿ, ಶಾಲೆಯದೇ ಆಗಲಿ ಕಚೇರಿಯದೇ ಆಗಲಿ, ಅಪ್ಪಣೆಯಿಲ್ಲದೆ ಹಾಕಬಾರದು. ಅಮೆರಿಕದ ಜಾರ್ಜಿಯಾದಲ್ಲಿ ಹೀಗೆ ಕಾಲೇಜಿನ ಯಂತ್ರಗಳಲ್ಲಿ ಹಾಕಿದ ಒಬ್ಬ ನೌಕರರ ಮೇಲೆ ಮೊಕದ್ದಮೆಯೇ ಆಗಿ 2002ರಲ್ಲಿ ರಾಜಿಯಲ್ಲಿ ಮುಗಿಯಿತು. ಮತ್ತೊಬ್ಬರ ಕರೆಂಟಿನಲ್ಲಿ ಮಾಡುವ ದಾನ ದಾನವೆನಿಸದು. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಗುಡುಗು ಕೇಳಿದೊಡನೆ ಪ್ಲಗ್ಗು ಕಿತ್ತಿಡಿರಿ. ಲೆಕ್ಕ ಅರ್ಧಕ್ಕೆ ನಿಂತಿತೆಂಬ ಚಿಂತೆ ಬೇಡ; ಸಾಮಾನ್ಯವಾಗಿ ತಂತ್ರಾಂಶವು ನಡುನಡುವೆ ಬರೆದಿಟ್ಟುಕೊಂಡು ಬಿಟ್ಟಲ್ಲಿಂದ ಮುಂದುವರಿಸುತ್ತದೆ.

‘ಇದೆಲ್ಲ ದೊಡ್ಡ ಊರಿನ ಇಂಗ್ಲಿಷ್ ಶಾಲೆಯ ಮಕ್ಕಳಿಗೆ’ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಕ್ಷತ್ರದ ಲೆಕ್ಕವನ್ನು ಹಂಚುವ ಯಂತ್ರವು ನೀವು ಯಾವ ಮಾಧ್ಯಮದಲ್ಲಿ ಓದಿದಿರೆಂದು ಕೇಳುವುದಿಲ್ಲ. ಗಡಿಯ ಈಚೆಯೋ ಆಚೆಯೋ ಎಂದೂ ವಿಚಾರಿಸುವುದಿಲ್ಲ. ಸರಿಯಾದ ಉತ್ತರವನ್ನು ಸಮಯಕ್ಕೆ ಕೊಟ್ಟರೆ ಸಾಕು. ಆದರೆ ಆ ಸಾಲಿನಲ್ಲಿ ನಿಲ್ಲುವ ಹಂಬಲಕ್ಕಾಗಿ ಬೀಡಿ ಕಟ್ಟಿ, ಕೂಲಿ ಮಾಡಿ, ತೋಟ ನೋಡಿಕೊಂಡು ಮಕ್ಕಳನ್ನು ಓದಿಸುವ ಮನೆಗಳು ಸಾಲಕ್ಕೆ ಬೀಳಬಾರದು. ಯಂತ್ರವನ್ನು ಮಗುವಿನ ಓದಿಗೆಂದು ಕೊಳ್ಳೋಣ. ವಿಜ್ಞಾನದ ಸೇವೆ ಅದರ ಬಿಡುವಿನಲ್ಲಿ ನಡೆಯಲಿ. ಬಿಡಿಭಾಗಗಳ ಹೆಸರನ್ನು ಒಂದು ಕಾಗದದಲ್ಲಿ ಬರೆದು, ಪ್ರತಿಯೊಂದರ ಎದುರು ಬೆಲೆಯನ್ನೂ ವ್ಯಾಟನ್ನೂ ಗುರುತಿಸಿ, ತಂದೆತಾಯಿಯರೊಂದಿಗೆ ಕುಳಿತು ಮಾತನಾಡುವ ವಿದ್ಯಾರ್ಥಿಯು ಅಂಗಡಿಗೆ ಹೋಗುವ ಮೊದಲೇ ಅರ್ಧ ವಿಜ್ಞಾನಿಯಾಗಿರುತ್ತಾನೆ, ಆಗಿರುತ್ತಾಳೆ. ಅಂಥವರು ನಮ್ಮ ಶಾಲೆಯಲ್ಲಿ ಹೆಚ್ಚಲಿ ಎಂದು ಹಾರೈಸುತ್ತೇವೆ.