ಮದುವೆಗೆ ಎಷ್ಟು ಕೈ?

ಕಳೆದ ವರ್ಷ ಮೇ ತಿಂಗಳಲ್ಲಿ ಡೊಂಬಿವಲಿಯಲ್ಲಿ ನನ್ನ ತಂಗಿಯ ಮಗಳ ಮದುವೆಯಾಯಿತು. ಅದಕ್ಕೆ ಐದು ತಿಂಗಳು ಮೊದಲು, ಒಂದು ಭಾನುವಾರ ಬೆಳಿಗ್ಗೆ, ಮದುವೆಗಳ ಏರ್ಪಾಟನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಯೊಂದರ ಯುವಕ ತಂಗಿಯ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ಕುಳಿತ. ಅವನ ಬಳಿ ಮೂರು ಬಗೆಯ ಮದುವೆಗಳಿದ್ದವು. ಮೊದಲನೆಯದು ಅರಮನೆಯ ಮಾದರಿಯದು, ಎರಡನೆಯದು ಸಮುದ್ರತೀರದ್ದು, ಮೂರನೆಯದರ ಹೆಸರು ‘ಹ್ಯಾಂಡ್‌ಮೇಡ್’. ಸೆಣಬಿನ ಬಟ್ಟೆಯ ತೋರಣ, ಮಣ್ಣಿನ ಹಣತೆ, ಒರಟು ಕಾಗದದ ಆಮಂತ್ರಣ, ವಧೂವರರ ಹೆಸರನ್ನು ಕೈಬರಹದಂತೆ ಕಾಣುವ ಅಕ್ಷರಗಳಲ್ಲಿ ಮುದ್ರಿಸಿದ ಮರದ ಫಲಕ ಎಲ್ಲವೂ ಅದರಲ್ಲಿ ಸೇರಿದ್ದವು. ಮೂರರಲ್ಲಿ ಅದೇ ದುಬಾರಿ. ಕಾರಣ ಕೇಳಿದಾಗ, ಅದರಲ್ಲಿ ‘ಪರ್ಸನಲ್ ಟಚ್’ ಇರುತ್ತದೆಂದು ಹಿಂದಿಯಲ್ಲಿ ವಿವರಿಸಿದ. ಯಾರ ಟಚ್ ಎಂದು ನಾನು ಕೇಳಲಿಲ್ಲ.

ಅವನು ಹೋದ ಮೇಲೆ ಹುಡುಗಿ ಅಂದಳು: ‘ಮಾಮಾ, ಇಷ್ಟು ರೊಕ್ಕ ಕೊಟ್ಟು ಬ್ಯಾರೆಯವ್ರ ಕಡೆ ಮಾಡಿಸೂದಕಿಂತ ನಾವ ಮಾಡೋಣಲ್ಲ?’

ನನಗೆ ಬಹಳ ಸಂತೋಷವಾಯಿತು. ಮುಂಬಯಿಯಲ್ಲಿ ಹುಟ್ಟಿ, ಕನ್ನಡವನ್ನು ಅಕ್ಷರ ಕೂಡಿಸಿ ಓದುವ ಹುಡುಗಿ ತನ್ನ ಮದುವೆಯಲ್ಲಿ ಅಜ್ಜಿಯ ಕೈಬರಹದ ಕನ್ನಡ ಆಮಂತ್ರಣ ಬೇಕೆಂದಳು. ಸೀರೆಯ ಅಂಚಿಗೆ ತಾನೇ ಕಸೂತಿ ಹಾಕುತ್ತೇನೆಂದಳು. ಬಂದವರಿಗೆ ಗುಳೇದಗುಡ್ಡದ ಖಣದ ಚೀಲ ಹೊಲಿದು ಕೊಡೋಣವೆಂದಳು. ಹುಡುಗ ಪುಣೆಯ ಮರಾಠಿ ಮನೆಯವನು. ಅಲ್ಲಿನ ಶಿವಾಜಿನಗರದಲ್ಲಿ 1940ರಿಂದ ನಡೆದುಬಂದಿರುವ ಕೈಕಾಗದ ಸಂಸ್ಥೆಯಿಂದ ಕಾಗದ ತರುವ ಹೊಣೆಯನ್ನು ಅವನು ಹೊತ್ತ. ನಾನು ಇಂಗ್ಲಿಷ್ ಎಂ.ಎ. ಓದಿದವನು. ಕಾಲೇಜಿನಲ್ಲಿ ಓದಿದ ವಿಲಿಯಂ ಮಾರಿಸ್‌ನನ್ನು ನೆನಪಿಸಿಕೊಂಡು, ಯಂತ್ರ ಕಸಿದುಕೊಂಡ ಕೈಯ ಘನತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಪಟ್ಟಿ ಬೆಳೆದು ಹದಿನಾಲ್ಕು ಬಾಬುಗಳಾದವು. ನಾನು ಚಹಾ ಕುಡಿದು ಮನೆಗೆ ಬಂದೆ.

ಎರಡು ತಿಂಗಳ ನಂತರ, ರಾತ್ರಿ ಹನ್ನೊಂದು ದಾಟಿದ ಮೇಲೆ ತಂಗಿಯ ಫೋನು ಬಂತು. ಹುಡುಗಿಗೆ ಕಚೇರಿ, ಲೋಕಲ್ ರೈಲಿನ ಎರಡೂ ಹೊತ್ತಿನ ಪ್ರಯಾಣ. ಹುಡುಗ ಬೆಂಗಳೂರಿಗೆ ತಿಂಗಳ ಕೆಲಸದ ಮೇಲೆ ಹೋಗಿದ್ದ. ಇನ್ನೂರೈವತ್ತು ಚೀಲಗಳು ತಂಗಿಯ ಹೊಲಿಗೆ ಯಂತ್ರದ ಮುಂದೆ ಬಂದು ಬಿದ್ದಿದ್ದವು. ಮಣಿಕಟ್ಟು ಬಾತಿತ್ತು. ‘ಅಣ್ಣಾ, ಇದು ಆಕಿ ಲಗ್ನಾನೋ, ನನಗ ಇಟ್ಟ ಪರೀಕ್ಷಾನೋ?’ ಎಂದವಳು ಅತ್ತುಬಿಟ್ಟಳು. ‘ನಾವ ಮಾಡೋಣ’ ಎಂಬ ಮಾತಿನಲ್ಲಿ ಆ ‘ನಾವು’ ಯಾರೆಂದು ಅಂದು ನಾವು ಯಾರೂ ವಿಚಾರಿಸಿರಲಿಲ್ಲ. ಕೈಯ ಘನತೆಯ ಬಗ್ಗೆ ಭಾಷಣ ಮಾಡಿದವನು ಎರಡು ತಿಂಗಳಲ್ಲಿ ಒಂದು ಸೂಜಿಗೆ ದಾರ ಪೋಣಿಸಿರಲಿಲ್ಲ.

ಮರುದಿನ ಧಾರವಾಡದಲ್ಲಿರುವ ಅವ್ವನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಎಪ್ಪತ್ತೆಂಟರ ಅವ್ವ ನಕ್ಕಳು. ‘ನಮ್ಮ ಲಗ್ನದಾಗ ಕೈಲೆ ಮಾಡಲಾರದ್ದು ಏನಿತ್ತು? ಖರೇ ಅಂದ್ರ, ಒಬ್ಬರ ಕೈಲೆ ಮಾಡಿದ್ದು ಏನೂ ಇರಲಿಲ್ಲ.’

ಈ ಲೇಖನ ಅವ್ವನ ಆ ಮಾತಿನ ವಿಸ್ತರಣೆ ಅಷ್ಟೆ. ಕೈಯಿಂದ ಮಾಡಿದ ಮದುವೆ ಎಂದು ಇವತ್ತು ನಾವು ಕೊಳ್ಳುವುದು ಒಂದು ನೋಟವನ್ನು. ಹಳೆಯ ಮದುವೆಯಲ್ಲಿ ಕೈಕೆಲಸ ಒಂದು ಸಂಬಂಧದ ಲೆಕ್ಕವಾಗಿತ್ತು. ನೋಟ ಬೇಕಾದರೆ ಹಣ ಸಾಕು. ಸಂಬಂಧ ಬೇಕಾದರೆ ಇನ್ನೊಬ್ಬರ ಮುಂದೆ ಕೈಯೊಡ್ಡಬೇಕು. ಊರು ಬಿಟ್ಟು ಬಂದ ನಮ್ಮಂಥವರಿಗೆ ಕಷ್ಟವಾಗಿರುವುದು ಈ ಎರಡನೆಯದು.

ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರವನ್ನು ನೋಡಿ. ಮದುವೆಯ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಯಿಂದ, ಪುಂಡಿ ನಾರಿನ ಕುಂಚದಲ್ಲಿ ಹೆಂಗಸರು ಬರೆಯುವ ಚಿತ್ರ ಅದು. ಅದರ ಮುಂದೆಯೇ ವಧೂವರರು ಹಸೆಯ ಮೇಲೆ ಕುಳಿತುಕೊಳ್ಳುವುದು. ಬರೆದವರ ಸಹಿ ಆ ಗೋಡೆಯ ಮೇಲಿರುವುದಿಲ್ಲ. ಆದರೆ ಆ ಮನೆಯ ಚಿತ್ತಾರ ಯಾರು ಬರೆದದ್ದೆಂದು ಊರಿಗೆ ಗೊತ್ತಿರುತ್ತದೆ. ನಮ್ಮ ಧಾರವಾಡದ ಕಡೆ ಹಂದರ ಹಾಕುವಾಗ, ಅಕ್ಕಿ ಹಸನು ಮಾಡುವಾಗ, ಶಾವಿಗೆ ಹೊಸೆಯುವಾಗ, ಅರಿಶಿಣ ಕುಟ್ಟುವಾಗ ನಡೆಯುತ್ತಿದ್ದುದೂ ಇದೇ. ಕೆಲಸದ ಜತೆಗೆ ಹಾಡು, ಹಾಡಿನ ಜತೆಗೆ ಬೀಗರ ಮೇಲಿನ ಚೇಷ್ಟೆ. ಮದುವೆಯ ದಿನಕ್ಕೆ ಮೊದಲೇ ಊರಿನ ಅರ್ಧ ಮಂದಿ ಆ ಮದುವೆಯೊಳಗೆ ಬಂದಾಗಿರುತ್ತಿತ್ತು.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ: ಮುಯ್ಯಿ. ಮದುವೆಯಲ್ಲಿ ಕೊಟ್ಟು ತೀರಿಸುವ ಉಡುಗೊರೆಗೂ ಅದೇ ಮಾತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ದುಡಿಯುವವನು ಮುಯ್ಯಾಳು. ಸೇಡಿಗೂ ನಾವು ಅದೇ ಮಾತನ್ನು ಬಳಸುತ್ತೇವೆ. ಕೊಟ್ಟದ್ದು ಕೆಡುಕಾಗಲಿ ಒಳಿತಾಗಲಿ, ಅದು ಹಿಂದಿರುಗಿ ಬರಬೇಕೆಂಬ ಲೋಕಜ್ಞಾನ ಆ ಶಬ್ದದಲ್ಲಿದೆ. ಮದುವೆ ಏರ್ಪಾಟಿನ ಸಂಸ್ಥೆಗೆ ಹಣ ಸಂದಾಯವಾದ ಕ್ಷಣ ಋಣ ಮುಗಿಯುತ್ತದೆ. ಮುಯ್ಯಿ ಅಷ್ಟಕ್ಕೆ ಮುಗಿಯುವುದಿಲ್ಲ.

ಮಾರಿಸ್‌ನ ವಿಷಯವನ್ನೂ ಪೂರ್ತಿ ಹೇಳಬೇಕು. 1861ರಲ್ಲಿ ಗೆಳೆಯರೊಡನೆ ಲಂಡನ್ನಿನಲ್ಲಿ ಕಂಪನಿ ಕಟ್ಟಿ, ಕುಶಲಕರ್ಮಿಯ ಕೈಯ ಸೊಗಸನ್ನು ಮನೆಮನೆಗೆ ತರಲು ಹೊರಟವನು ಅವನು. ಅವನು ಮಾಡಿಸಿದ ಗೋಡೆಕಾಗದ, ಜಮಖಾನೆಗಳನ್ನು ಕೊಳ್ಳಲು ಶಕ್ತರಾದವರು ಶ್ರೀಮಂತರೇ. ಆ ವಿರೋಧಾಭಾಸ ಸಮಾಜವಾದಿಯಾದ ಅವನನ್ನು ಕಾಡಿತು. ನಮ್ಮ ಮೂರನೆಯ ಪ್ಯಾಕೇಜು ದುಬಾರಿಯಾಗಿದ್ದುದು ಆ ಹಳೆಯ ಕತೆಯ ಮುಂದುವರಿಕೆ. ಕೈಯ ಕೆಲಸ ಸರಕಾದಾಗ ಅದು ಐಶ್ವರ್ಯದ ಗುರುತಾಗುತ್ತದೆ. ಇದಕ್ಕೆ ಎದುರಾಗಿ ನನಗೆ ನೆನಪಾಗುವುದು 1942ರ ಮಾರ್ಚ್‌ನಲ್ಲಿ ಅಲಹಾಬಾದಿನ ಆನಂದ ಭವನದಲ್ಲಿ ನಡೆದ ಇಂದಿರಾ ಅವರ ಮದುವೆ. ಅಂದು ಅವರು ಉಟ್ಟದ್ದು ತಂದೆ ಜವಾಹರಲಾಲ್ ನೆಹರೂ ಸೆರೆಮನೆಯಲ್ಲಿ ನೂತ ನೂಲಿನಿಂದ ನೇಯ್ದ ತೆಳುಗುಲಾಬಿ ಬಣ್ಣದ ಖಾದಿ ಸೀರೆ. ಆ ಮನೆಗೆ ರೇಷ್ಮೆಯ ಕೊರತೆಯಿರಲಿಲ್ಲ. ಸೆರೆಯಲ್ಲಿದ್ದ ತಂದೆ ಮಗಳಿಗೆ ಕೊಡಬಹುದಾಗಿದ್ದ ತನ್ನ ಸ್ವಂತದ ವಸ್ತು ಸಮಯವೊಂದೇ. ಅದು ಎಳೆ ಎಳೆಯಾಗಿ ಆ ಸೀರೆಯಲ್ಲಿತ್ತು.

ಇಷ್ಟು ಹೇಳಿ ಹಳೆಯ ಮದುವೆಗಳನ್ನು ಹಾಡಿ ಹೊಗಳಿ ಮುಗಿಸಿದರೆ ಸುಳ್ಳಾಗುತ್ತದೆ. ಆ ಕೈಗಳಲ್ಲಿ ಹೆಚ್ಚಿನವು ಹೆಂಗಸರವು. ಗಂಡಸರು ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಜಾತಕ, ಜಮೀನು ಮಾತಾಡುತ್ತಿದ್ದರು. ನಾನು ಚಹಾ ಕುಡಿದು ಮನೆಗೆ ಬಂದೆನಲ್ಲ, ಹಾಗೆ. ನಡೆಮಡಿ ಹಾಸಿದ ಅಗಸನಿಗೆ, ಹಲಗೆ ಬಾರಿಸಿದವನಿಗೆ ಪಂಕ್ತಿಯಲ್ಲಿ ಎಲೆಯಿರಲಿಲ್ಲ. ಅವರದು ಮುಯ್ಯಿಯೂ ಆಗಿರಲಿಲ್ಲ, ಏಕೆಂದರೆ ಅವರ ಮನೆಯ ಮದುವೆಗೆ ಯಾರೂ ಹೋಗಿ ದುಡಿದು ಬರಲಿಲ್ಲ. ನಮ್ಮ ಮನೆಯದೇ ಇನ್ನೊಂದು ಲೆಕ್ಕವಿದೆ. ನನ್ನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಮೂವತ್ತೊಂದನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳು. ಅಂದಿನಿಂದ ಮನೆತನದ ಪ್ರತಿಯೊಂದು ಮದುವೆಯ ಸಂಡಿಗೆ, ಹಪ್ಪಳ, ಶಾವಿಗೆ, ಹೂವಿನ ದಂಡಿ ಅವಳ ಕೈಯವು. ಮುಹೂರ್ತದ ಹೊತ್ತಿಗೆ ಅವಳು ಅಡುಗೆ ಮನೆಯಲ್ಲಿರುತ್ತಿದ್ದಳು. ನನ್ನ ಮದುವೆಯಲ್ಲೂ ಹಾಗೆಯೇ. ನನ್ನ ಹಣೆಗೆ ಕಟ್ಟಿದ ದಂಡಿಯನ್ನು ಮಾಡಿದವಳು ಎಲ್ಲಿದ್ದಾಳೆಂದು ಅಂದು ನಾನು ತಿರುಗಿ ನೋಡಲಿಲ್ಲ.

ಆದ್ದರಿಂದ ಹಳೆಯದನ್ನು ಹಾಗೇ ಎತ್ತಿ ತರುವ ಮಾತಿಲ್ಲ. ಮದುವೆಯನ್ನು ತಮ್ಮ ಅರಿವಿಗೆ ಹೊಂದಿಸಿಕೊಳ್ಳುವ ದಾರಿ ಕನ್ನಡದವರಿಗೆ ಹೊಸದೂ ಅಲ್ಲ. ಕುವೆಂಪು ‘ಮಂತ್ರ ಮಾಂಗಲ್ಯ’ವನ್ನು ರೂಪಿಸಿದರು; 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ಆ ಕ್ರಮದಲ್ಲಿ ನಡೆಯಿತು. ಆಡಂಬರವಿಲ್ಲ, ವರದಕ್ಷಿಣೆಯಿಲ್ಲ, ವಧೂವರರು ತಮಗೆ ಅರ್ಥವಾಗುವ ಮಾತಿನಲ್ಲಿ ಒಬ್ಬರಿಗೊಬ್ಬರು ಒಪ್ಪಿಗೆ ಹೇಳುತ್ತಾರೆ. ಇವತ್ತಿನ ಮಕ್ಕಳು ಬಯಸುವ ‘ನಮ್ಮದೇ ಆದ ಮದುವೆ’ಗೆ ಅದಕ್ಕಿಂತ ದೃಢವಾದ ಮಾದರಿ ನನಗೆ ಕಾಣದು. ಅಲ್ಲಿ ಸೇರಿಸಿದ್ದಕ್ಕಿಂತ ತೆಗೆದುಹಾಕಿದ್ದೇ ಹೆಚ್ಚು.

ನಾವೂ ತೆಗೆದುಹಾಕಿದೆವು. ಹದಿನಾಲ್ಕು ಬಾಬುಗಳಲ್ಲಿ ಮೂರು ಉಳಿದವು. ಆಮಂತ್ರಣ ಅವ್ವನದು: ಪುಣೆಯ ಕಾಗದದ ಒಂದು ಹಾಳೆಯ ಮೇಲೆ ಅವಳು ಒಮ್ಮೆ ಬರೆದಳು, ಉಳಿದವೆಲ್ಲ ಅದರ ಪ್ರತಿಗಳು. ‘ಬರ್ರಿ’ ಎಂದು ಬರೆದು ಹೊಡೆದುಹಾಕಿ ‘ಬರಬೇಕು’ ಎಂದು ತಿದ್ದಿದ್ದನ್ನು ಹುಡುಗಿ ಹಾಗೆಯೇ ಉಳಿಸಿಕೊಂಡಳು. ಕಸೂತಿ ಹುಡುಗಿಯದು: ಗಂಟು ಕಾಣದಂತೆ ಎಳೆ ಎಣಿಸಿ ಹಾಕಬೇಕಾದ ಆ ಹೊಲಿಗೆಯಲ್ಲಿ ಮದುವೆಯ ಹೊತ್ತಿಗೆ ಸೆರಗಿನ ಒಂದು ಗೇಣಿನಷ್ಟು ಗೋಪುರ ಮೂಡಿತ್ತು; ಉಳಿದ ಅಂಚು ಬರಿದಾಗಿಯೇ ಇತ್ತು. ಖಣದ ಚೀಲಗಳು ಎಪ್ಪತ್ತಕ್ಕೆ ನಿಂತವು, ಹಿರಿಯರಿಗೆ ಮಾತ್ರ. ಮೂರನೆಯದು ಹೂವು, ಅದು ಎಲ್ಲರದು.

ಮದುವೆಯ ಹಿಂದಿನ ದಿನ ದಾದರಿನ ಹೂವಿನ ಪೇಟೆಯಿಂದ ನಾನೂ ಹುಡುಗನೂ ಮಲ್ಲಿಗೆಯ ಮೊಗ್ಗು ತಂದೆವು. ಸಂಜೆ ತಂಗಿಯ ಸೊಸೈಟಿಯ ಹಾಲಿನಲ್ಲಿ ಚಾಪೆ ಹಾಸಿ, ಒದ್ದೆ ಬಟ್ಟೆಯ ಮೇಲೆ ಮೊಗ್ಗು ಸುರಿದು, ಬರಬಹುದಾದವರೆಲ್ಲ ಬನ್ನಿ ಎಂದು ಕರೆದಿದ್ದೆವು. ಹೀಗೆ ಕರೆಯಲು ನನಗೆ ಬಹಳ ಸಂಕೋಚವಿತ್ತು. ಊಟಕ್ಕೆ ಕರೆಯುವುದು ಸುಲಭ, ಕೆಲಸಕ್ಕೆ ಕರೆಯುವುದು ಹೇಗೆ? ಮೂವತ್ತು ಜನ ಬಂದರು. ನಮ್ಮ ಕನ್ನಡ ಬಳಗದವರು, ಎದುರು ಮನೆಯ ಮಾಲವಣಿ ಅಜ್ಜಿ, ಮೇಲಿನ ಮಹಡಿಯ ಗುಜರಾತಿ ದಂಪತಿ, ಹುಡುಗನ ಗೆಳೆಯರು. ಗಂಡಸರೂ ಕಟ್ಟಬೇಕೆಂಬುದು ತಂಗಿಯ ಒಂದೇ ಷರತ್ತು. ನಾನು ನಲವತ್ತಾರರಲ್ಲಿ ಹೂ ಕಟ್ಟಲು ಕಲಿತೆ. ಕಲಿಸಿದವಳು ಹುಬ್ಬಳ್ಳಿಯಿಂದ ಬಂದಿದ್ದ ಕಾಕು. ನನ್ನ ಮಾಲೆ ಬೆಳಗಾಗುವುದರೊಳಗೆ ಸಡಿಲಾಗಿ ಉದುರಿತು. ಹತ್ತು ವರ್ಷ ಲಿಫ್ಟಿನಲ್ಲಿ ತಲೆಯಾಡಿಸಿದ್ದಷ್ಟೇ ಪರಿಚಯವಿದ್ದ ನೆರೆಯವರ ಹೆಸರು, ಊರು, ಮಂಡಿನೋವು ಎಲ್ಲ ತಂಗಿಗೆ ಅಂದು ಗೊತ್ತಾದವು.

ಬೆಳಿಗ್ಗೆ ದಂಡಿ ಕಟ್ಟುವ ಹೊತ್ತಿಗೆ ಹುಡುಗಿ ಎದ್ದು ಅಡುಗೆಯವರ ಬಳಿ ನಿಂತಿದ್ದ ಕಾಕುವಿನ ಮುಂದೆ ಹೋಗಿ ಕುಳಿತಳು. ‘ನೀವ ಕಟ್ರಿ, ಅಜ್ಜಿ.’ ಕಾಕು ಹಿಂದೆ ಸರಿದಳು. ಹಿಂದಿನ ಸಾಲಿನಲ್ಲಿ ಯಾರೋ ಏನೋ ಅಂದರು. ಆಗ ಅವ್ವ ಕುಳಿತಲ್ಲಿಂದಲೇ ಹೇಳಿದಳು: ‘ಕಟ್ಟ, ತಂಗಿ. ಇಷ್ಟು ವರ್ಷ ಮಾಡಿದ್ದೂ ಇದ ಕೈ, ಇವತ್ತೇನ ಬ್ಯಾರೆ ಆತು?’ ಕಾಕು ಕಟ್ಟಿದಳು. ಅವಳ ಕೈ ನಡುಗುತ್ತಿತ್ತು, ಗಂಟು ಮಾತ್ರ ಬಿಗಿಯಾಗಿತ್ತು. ಹುಡುಗನ ಅಜ್ಜಿ ಅದನ್ನು ನೋಡಿ, ನಮ್ಮಲ್ಲಿ ಇದು ಮುಂಡಾವಳ್ಯಾ ಎಂದರು. ಇಡೀ ಮದುವೆಯಲ್ಲಿ ನನ್ನ ಪಾಲಿಗೆ ‘ಪರ್ಸನಲ್’ ಎನ್ನಿಸಿದ ಒಂದು ಸಂಗತಿಯಿದ್ದರೆ ಅದು ಇದೇ. ಅದಕ್ಕೆ ಖರ್ಚೇನೂ ಆಗಲಿಲ್ಲ, ಆದರೆ ಅದನ್ನು ಮಾಡಲು ನಮ್ಮ ಮನೆತನಕ್ಕೆ ನಾಲ್ಕು ದಶಕ ಬೇಕಾಯಿತು.

ಹೊರನಾಡಿನಲ್ಲಿ ಮಕ್ಕಳ ಮದುವೆ ಹೂಡುವವರಿಗೆ ನನ್ನ ಅಭಿಪ್ರಾಯ ಇಷ್ಟು. ಕೈಯಿಂದ ಮಾಡುವುದು ಎರಡೋ ಮೂರೋ ಇರಲಿ. ಮಿಕ್ಕದ್ದನ್ನು ನಾಚಿಕೆಯಿಲ್ಲದೆ ಕೊಳ್ಳಿ, ಮಾಡಿದವರಿಗೆ ಸರಿಯಾದ ಬೆಲೆ ಕೊಡಿ. ಉಳಿಸಿಕೊಂಡ ಕೆಲಸ ಒಬ್ಬರೇ ಮಾಡಲಾಗದ್ದಾಗಿರಲಿ. ಆಗ ಕರೆಯದೆ ಗತಿಯಿರುವುದಿಲ್ಲ. ಪಟ್ಟಿ ಬರೆಯುವಾಗ ಪ್ರತಿ ಬಾಬಿನ ಎದುರು ಅದು ಯಾರ ಕೈ ಎಂದು ಹೆಸರು ಬರೆಯಿರಿ. ಒಂದೇ ಹೆಸರು ಮೂರು ಸಲ ಬಂದರೆ, ಅದರಲ್ಲೂ ಅದು ತಾಯಿಯ ಹೆಸರಾದರೆ, ಪಟ್ಟಿಯನ್ನು ಅಲ್ಲಿಗೇ ಹರಿಯಿರಿ. ಇಲ್ಲಿ ನಮಗೆ ಹುಟ್ಟಿನಿಂದ ಬಂದ ಕೇರಿಯಿಲ್ಲ. ಅಲ್ಲಿನ ಕೇರಿಯಲ್ಲಿ ಯಾರ ಕೈ ಎಲ್ಲಿರಬೇಕೆಂಬುದು ಮೊದಲೇ ನಿಗದಿಯಾಗಿತ್ತು. ಇಲ್ಲಿ ಆ ಕಟ್ಟಿಲ್ಲ. ಅದನ್ನು ನಷ್ಟವೆಂದಷ್ಟೇ ತಿಳಿಯಬೇಕಾಗಿಲ್ಲ.

ಕೇಂದ್ರ ಸರ್ಕಾರದ ನೌಕರನಾದ ನನಗೆ 1964ರ ನಡತೆ ನಿಯಮಗಳು ಅನ್ವಯಿಸುತ್ತವೆ. ಮದುವೆಯಂಥ ಸಂದರ್ಭದಲ್ಲಿ ಪಡೆದ ಉಡುಗೊರೆಯ ಬೆಲೆ ನಿಗದಿತ ಮೊತ್ತ ಮೀರಿದರೆ ಸರ್ಕಾರಕ್ಕೆ ವರದಿ ಮಾಡಬೇಕು. ಒಳ್ಳೆಯ ನಿಯಮ. ಆದರೆ ಮಾಲವಣಿ ಅಜ್ಜಿ ರಾತ್ರಿ ಒಂದರವರೆಗೆ ಕೂತು ಕಟ್ಟಿದ ಹನ್ನೆರಡು ಮೊಳ ಮಲ್ಲಿಗೆಯನ್ನು ಬರೆಯಲು ಯಾವ ನಮೂನೆಯಲ್ಲೂ ಜಾಗವಿಲ್ಲ.

ಕಳೆದ ತಿಂಗಳು ಆ ಅಜ್ಜಿಯ ಮೊಮ್ಮಗನ ಮದುವೆ ನಿಶ್ಚಯವಾಯಿತು. ತಂಗಿಯ ಮನೆಗೆ ಕರೆ ಬಂದಿದೆ. ಆ ಹೂ ಕಟ್ಟುವ ಅಣ್ಣನನ್ನೂ ಕರೆತರಬೇಕಂತೆ. ನಾನು ಎರಡು ದಿನದ ರಜೆಗೆ ಅರ್ಜಿ ಹಾಕಿದ್ದೇನೆ. ಗಂಟು ಸಡಿಲಾಗದಂತೆ ಕಟ್ಟುವುದನ್ನು ರಾತ್ರಿ ಬಿಳಿ ದಾರದಲ್ಲಿ ಅಭ್ಯಾಸ ಮಾಡುತ್ತಿದ್ದೇನೆ.