ಕಾಗದವೇ ಕಾನೂನಾದಾಗ

ಸುತ್ತೋಲೆಯ ರುಚಿ ರೈತನಿಗೆ ಬೇರೆ ಹೇಳಬೇಕಿಲ್ಲ. ಸಭೆಯಲ್ಲಿ ಒಂದು ಮಾತಾಗುತ್ತೆ, ತಾಲ್ಲೂಕು ಕಚೇರಿಗೆ ಬರೋ ಹೊತ್ತಿಗೆ ಅದು ಇನ್ನೊಂದಾಗಿರುತ್ತೆ. ಈ ಚಾಳಿ ನಮ್ಮದು ಮಾತ್ರ ಅಂದುಕೊಂಡವರು ಅಮೆರಿಕದ ಮಕ್ಕಳ ಆರೋಗ್ಯ ವಿಮೆಯ ಕಥೆ ಕೇಳಬೇಕು.

ಅಲ್ಲಿ ನೌಕರಿಯವನಿಗೆ ಸಾಮಾನ್ಯವಾಗಿ ಮಾಲೀಕನ ಕಡೆಯಿಂದ ವಿಮೆ. ಸ್ವಂತ ಹೊಲ ಮಾಡುವವನಿಗೆ ಯಾವ ಮಾಲೀಕ? ಕಡುಬಡವರಿಗೆ ಮೆಡಿಕೇಡ್ ಇತ್ತು. ಅದಕ್ಕೂ ಸೇರದ, ಖಾಸಗಿ ಕಂತೂ ಕಟ್ಟಲಾರದ ನಡುವಿನ ಸಂಸಾರಗಳ ಮಕ್ಕಳಿಗಾಗಿ 1997ರಲ್ಲಿ ಸಂಸತ್ತು ಒಂದು ಯೋಜನೆ ತಂದಿತು. ಆದಾಯದ ಮಿತಿ ಗೊತ್ತುಮಾಡುವುದರಲ್ಲಿ ರಾಜ್ಯಗಳಿಗೆ ಸಾಕಷ್ಟು ಸಡಿಲಿಕೆ ಇತ್ತು.

2007ರ ಆಗಸ್ಟ್ 17ರಂದು ಬುಷ್ ಸರ್ಕಾರದ ಆರೋಗ್ಯ ಇಲಾಖೆ ರಾಜ್ಯಗಳಿಗೆ ಒಂದು ಕಾಗದ ಬರೆಯಿತು. ಬಡತನದ ಗೆರೆಯ ಎರಡೂವರೆ ಪಾಲಿಗಿಂತ (ನಾಲ್ಕು ಜನರ ಮನೆಗೆ ಆಗ ವರ್ಷಕ್ಕೆ ಸುಮಾರು 51,600 ಡಾಲರ್) ಹೆಚ್ಚು ಆದಾಯವಿರುವ ಮನೆಯ ಮಕ್ಕಳನ್ನು ಸೇರಿಸಬೇಕೆ? ಹಾಗಾದರೆ ಮೊದಲು ಎರಡು ಪಾಲಿನೊಳಗಿನ ಅರ್ಹ ಮಕ್ಕಳಲ್ಲಿ ನೂರಕ್ಕೆ 95 ಮಂದಿಯನ್ನು ಸೇರಿಸಿ ತೋರಿಸಿ ಅಂತ. ಸಾಲದ್ದಕ್ಕೆ, ಆ ಮಗು ಒಂದು ವರ್ಷ ವಿಮೆಯೇ ಇಲ್ಲದೆ ಕಳೆದಿರಬೇಕಂತೆ! ಜ್ವರ ವರ್ಷ ಕಾಯುತ್ತದೆಯೆ?

ಖಾಸಗಿ ವಿಮೆ ಬಿಟ್ಟು ಜನ ಸರ್ಕಾರಿ ವಿಮೆಗೆ ನುಗ್ಗುತ್ತಾರೆ ಎಂಬುದು ಇಲಾಖೆಯ ಭಯ. ಆ ಭಯ ಪೂರಾ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಸಂಸತ್ತಿನ ಮುಂದೆ ಹೇಳಬೇಕಿತ್ತು. ಇಲಾಖೆಯ ನಿಯಮ ಜಾರಿಗೆ ಬರುವ ಮೊದಲು ಸಂಸತ್ತಿಗೆ ಹೋಗಬೇಕೆಂದು ಅಲ್ಲಿ 1996ರ ಕಾಯ್ದೆ ಇದೆ. (ಲೆವಿ ಭತ್ತದ ಕಾಲ ಕಂಡವರು ಗಮನಿಸಿ: ನಮ್ಮ 1955ರ ಅವಶ್ಯಕ ವಸ್ತುಗಳ ಕಾಯ್ದೆಯೂ ಕೇಂದ್ರದ ಆದೇಶಗಳನ್ನು ಸಂಸತ್ತಿನ ಎರಡೂ ಸದನಗಳ ಮುಂದಿಡಬೇಕು ಎನ್ನುತ್ತದೆ. ಇಟ್ಟದ್ದನ್ನು ಓದಿದವರೆಷ್ಟು ಅಂತ ನಿಮ್ಮ ಎಂಪಿಯವರನ್ನು ಕೇಳಿ ನೋಡಿ.)

‘ಇದು ನಿಯಮವಲ್ಲ, ನೀತಿ ತಿಳಿಸುವ ಕಾಗದ ಅಷ್ಟೆ’ ಎಂದು ಇಲಾಖೆ ಜಾರಿಕೊಂಡಿತು. ಸೆನೆಟರುಗಳಾದ ರಾಕಫೆಲ್ಲರ್ ಮತ್ತು ಸ್ನೋ ಬಿಡಲಿಲ್ಲ. ಸ್ನೋ ಅವರು ಬುಷ್ ಪಕ್ಷದವರೇ. ಇಬ್ಬರೂ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯನ್ನು ಕೇಳಿದರು. 2008ರ ಏಪ್ರಿಲ್ 17ರಂದು ಉತ್ತರ ಬಂತು: ಇದು ನಿಯಮವೇ, ಸಂಸತ್ತಿಗೆ ಒಪ್ಪಿಸದೆ ಜಾರಿ ಮಾಡುವಂತಿಲ್ಲ.

ಆದರೂ ಇಲಾಖೆ ಕಾಗದ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಲೆಕ್ಕ ನೋಡುವ ಕಚೇರಿಗೆ ಹೇಳುವ ಬಾಯಿದೆ, ತಡೆಯುವ ಕೈಯಿಲ್ಲ. ಅಧ್ಯಕ್ಷರೇ ಬದಲಾಗಬೇಕಾಯಿತು. 2009ರ ಫೆಬ್ರವರಿ 4ರಂದು ಒಬಾಮ ಅದನ್ನು ವಾಪಸು ತೆಗೆಯಿರಿ ಎಂದು ಆದೇಶ ಮಾಡಿದರು. ಅಷ್ಟರಲ್ಲಿ ಹದಿನೇಳು ತಿಂಗಳು ಕಳೆದಿದ್ದವು.