ಮೊದಲು ಅನ್ನ, ಆಮೇಲೆ ಮಾನನಾ?

ತುಮಕೂರಲ್ಲಿ ಮೊನ್ನೆ ಒಂದು ತರಬೇತಿ. ಬೋರ್ಡಿನ ಮೇಲೆ ಮಾಸ್ಲೋ ಹೆಸರಿನ ಪಿರಮಿಡ್ಡು: ತಳದಲ್ಲಿ ಅನ್ನ-ನೀರು, ಅದರ ಮೇಲೆ ಭದ್ರತೆ, ಪ್ರೀತಿ, ಆಮೇಲೆ ಗೌರವ. "ಮೊದಲು ಹೊಟ್ಟೆ, ಆಮೇಲೆ ಮಾನ" ಅಂದ್ರು ಮೇಷ್ಟ್ರು.

ಗುಬ್ಬಿ ಕಡೆ ಹೋಟ್ಲಲ್ಲಿ ನಮ್ಮಪ್ಪನಿಗೂ ಟೀ ಕೊಡ್ತಿದ್ರು, ಬೇರೆ ಲೋಟದಲ್ಲಿ. ಕುಣಿಗಲ್ ಸೀಮೆಯ ನಮ್ಮಜ್ಜಿ ಬಾವಿ ಮುಟ್ಟಂಗಿರಲಿಲ್ಲ. ಯಾರಾದ್ರೂ ಸೇದಿ ಹುಯ್ಯೋವರೆಗೂ ಬಿಂದಿಗೆ ಹಿಡಿದು ನಿಂತಿರ್ತಿದ್ಲು. ಅಲ್ಲಿ ನೀರು ಯಾವ ಮೆಟ್ಟಿಲು, ಮಾನ ಯಾವ ಮೆಟ್ಟಿಲು?

ಮಾಸ್ಲೋ ಬರೆದದ್ದು 1943ರಲ್ಲಿ. ಈ ಕ್ರಮ ಎಲ್ಲರಿಗೂ ಒಂದೇ ಅಲ್ಲ ಅಂತ ಆತನೇ ಒಪ್ಪಿದ್ದ. ಅದಕ್ಕೂ 16 ವರ್ಷ ಮೊದಲೇ, 1927ರಲ್ಲಿ, ಬಾಬಾಸಾಹೇಬರು ಮಹಾಡದ ಚವದಾರ್ ಕೆರೆ ನೀರು ಕುಡಿದರು. ಬರೀ ಬಾಯಾರಿಕೆಗಲ್ಲ, ನಾವೂ ಮನುಷ್ಯರು ಅಂತ ಸಾರೋಕೆ.

ರೇಷನ್ ಕೊಟ್ಟು "ಇನ್ನೇನ್ ಬೇಕ್ರಪ್ಪಾ ನಿಮ್ಗೆ?" ಅನ್ನೋರಿಗೆ ಇದೇ ಉತ್ತರ: ಅನ್ನ, ಮಾನ ಎರಡೂ ಒಟ್ಟಿಗೇ ಬೇಕು.

ಜೈಭೀಮ್.